ದಾವಣಗೆರೆ–ಚಿತ್ರದುರ್ಗ ಸೀಮೆಯಲ್ಲಿ ಕೈಕೆಲಸ, ಗೋಡೆ ಚಿತ್ರ, ಕಲಾ ಪ್ರದರ್ಶನ: ಎಲ್ಲಿ ನೋಡೋದು, ಹೇಗೆ ಗುರುತಿಸೋದು?

ಹೊಸ_ಬಡಾವಣೆ:
ದಾವಣಗೆರೆಯಲ್ಲಿ ನೆಲೆಸಿದ್ದೇವೆ, ಶನಿವಾರ–ಭಾನುವಾರ ಬಿಡುವಿರುತ್ತದೆ. ಈ ಸೀಮೆಯವರೇ ಕೈಯಾರೆ ಮಾಡಿದ್ದನ್ನು ನೋಡಬೇಕು, ಸಾಧ್ಯವಾದರೆ ಕೊಳ್ಳಬೇಕು ಅಂತ ಆಸೆ. ಚಿತ್ರಕಲಾ ಪ್ರದರ್ಶನಗಳ ಸುದ್ದಿ ಪತ್ರಿಕೆಯಲ್ಲಿ ಓದುವಷ್ಟರಲ್ಲಿ ಪ್ರದರ್ಶನವೇ ಮುಗಿದಿರುತ್ತದೆ. ಮೊದಲೇ ತಿಳಿಯೋದು ಹೇಗೆ? ಚಳ್ಳಕೆರೆ ಕಂಬಳಿ, ಮೊಳಕಾಲ್ಮುರು ಸೀರೆ ಅಂತ ಮಾರುವುದರಲ್ಲಿ ಅಸಲಿ ಯಾವುದು ಅಂತ ಗುರುತು ಹಿಡಿಯೋದು ಹೇಗೆ? ಇನ್ನೊಂದು: ನಮ್ಮ ಕಾಂಪೌಂಡ್ ಗೋಡೆ 20 ಅಡಿ ಉದ್ದ, 6 ಅಡಿ ಎತ್ತರ, ಪಶ್ಚಿಮಕ್ಕೆ ರಸ್ತೆ. ಹೋದ ವಾರವಷ್ಟೇ ಗಿಲಾವು ಮುಗಿದಿದೆ. ಅದರ ಮೇಲೆ ಸ್ಥಳೀಯ ಕಲಾವಿದರಿಂದ ಚಿತ್ರ ಬರೆಸಬೇಕು. ಏನೇನು ನೋಡಿಕೊಳ್ಳಬೇಕು?

ಬಣ್ಣದ_ಬುಟ್ಟಿ:
ಪ್ರದರ್ಶನದ ಮಟ್ಟಿಗೆ ಹೇಳುತ್ತೇನೆ. ನಿಮ್ಮೂರಲ್ಲೇ ದಾವಣಗೆರೆ ವಿಶ್ವವಿದ್ಯಾನಿಲಯದ ದೃಶ್ಯಕಲಾ ಮಹಾವಿದ್ಯಾಲಯ ಇದೆ. ಹೊರಗಿನವರು ಒಳಗೆ ಕಾಲಿಡಲು ಸುಮ್ಮನೆ ಹಿಂಜರಿಯುತ್ತಾರೆ. ಅಂತಿಮ ವರ್ಷದವರ ಕೆಲಸ ಪರೀಕ್ಷೆಯ ಆಸುಪಾಸಿನಲ್ಲಿ ಗೋಡೆಗೇರುತ್ತದೆ. ಕಾಲೇಜಿನ ಕಚೇರಿಯಲ್ಲಿ ತಾರೀಕು ಕೇಳಿ ಬರೆದಿಟ್ಟುಕೊಳ್ಳಿ, ಅದಕ್ಕಿಂತ ಖಚಿತವಾದ ದಾರಿ ಇನ್ನೊಂದಿಲ್ಲ. ಜೊತೆಗೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಜಿಲ್ಲಾ ಕಚೇರಿಯ ಸೂಚನಾ ಫಲಕ ನೋಡಿ. ಸ್ಥಳೀಯ ದಿನಪತ್ರಿಕೆಯಲ್ಲಿ 'ಇಂದಿನ ಕಾರ್ಯಕ್ರಮ' ಅಂತ ಬರುವ ಎರಡು ಸಾಲನ್ನೂ ಬಿಡಬೇಡಿ. ಉದ್ಘಾಟನೆಯ ದಿನಕ್ಕಿಂತ ಮಾರನೇ ದಿನ ಬೆಳಗ್ಗೆ ಹೋಗುವುದು ಒಳ್ಳೆಯದು. ಭಾಷಣ, ಹಾರ-ತುರಾಯಿ ಮುಗಿದಿರುತ್ತದೆ, ಬರೆದವರು ಚಿತ್ರದ ಪಕ್ಕದಲ್ಲೇ ಕೂತಿರುತ್ತಾರೆ.

ಕೊಳ್ಳುವುದಾದರೆ ಕ್ಯಾನ್ವಾಸನ್ನು ಬದಿಯಿಂದ ಬೀಳುವ ಬೆಳಕಿನಲ್ಲಿ ನೋಡಿ. ಫೋನಿನ ಟಾರ್ಚನ್ನು ಚೌಕಟ್ಟಿನ ಅಂಚಿಗೆ ಹಿಡಿದರೆ ಸಾಕು. ಕೈಯಿಂದ ಬರೆದಿದ್ದರೆ ಕುಂಚದ ಗೀರು ಆಕಾರದ ಜೊತೆಗೇ ತಿರುಗುತ್ತದೆ: ಎಲೆ ಬಾಗಿದ ಕಡೆ ಗೀರೂ ಬಾಗಿರುತ್ತದೆ. ಪ್ರಿಂಟ್ ಮಾಡಿ ಮೇಲೆ ಜೆಲ್ ಬಳಿದಿದ್ದರೆ ಉಬ್ಬು ಒಂದು ಕಡೆ, ಚಿತ್ರ ಇನ್ನೊಂದು ಕಡೆ. ಕ್ಯಾಮೆರಾ ಹತ್ತಿರ ಒಯ್ದು ದೊಡ್ಡದು ಮಾಡಿದರೆ ಸಣ್ಣ ಸಣ್ಣ ಚುಕ್ಕಿ ಕಾಣುತ್ತವೆ. ಆದರೆ ಪ್ರಿಂಟ್ ಎಂದರೆಲ್ಲ ನಕಲಿ ಅಲ್ಲ. ಎಚ್ಚಿಂಗ್ (ಲೋಹದ ತಗಡಿನ ಮೇಲೆ ಗೆರೆ ಕೊರೆದು ಒತ್ತಿದ ಅಚ್ಚು), ಮರದ ಅಚ್ಚಿನ ಚಿತ್ರಗಳನ್ನು ಕಲಾವಿದರೇ ಕೈಯಲ್ಲಿ ಒತ್ತುತ್ತಾರೆ. ಕೆಳಗೆ ಪೆನ್ಸಿಲ್‌ನಲ್ಲಿ 3/10 ಅಂತಿದ್ದರೆ ಹತ್ತು ಪ್ರತಿಗಳಲ್ಲಿ ಮೂರನೆಯದು ಎಂದರ್ಥ. ಎಚ್ಚಿಂಗ್ ಆದರೆ ಚಿತ್ರದ ಸುತ್ತ ತಗಡು ಒತ್ತಿದ ಗುರುತು ಬೆರಳಿಗೆ ತಾಗುತ್ತದೆ. ಕಡಿಮೆ ದುಡ್ಡಿನಲ್ಲಿ ನಿಜವಾದ ಕೆಲಸ ಬೇಕೆನ್ನುವವರು ಮೊದಲು ನೋಡಬೇಕಾದ್ದು ಇವನ್ನೇ.

ಹಿಂಬದಿಯಲ್ಲಿ ಹೆಸರು, ವರ್ಷ, ಮಾಧ್ಯಮ ಬರೆಸಿಕೊಳ್ಳಿ. ಕಾಗದದ ಚಿತ್ರಕ್ಕೆ ಫ್ರೇಮ್ ಹಾಕಿಸುವಾಗ ಗಾಜು ಚಿತ್ರಕ್ಕೆ ತಾಗದಂತೆ ನಡುವೆ ಮೌಂಟ್ (ಚಿತ್ರದ ಸುತ್ತಲಿನ ರಟ್ಟಿನ ಅಂಚು) ಇರಲೇಬೇಕು. ಇಲ್ಲವಾದರೆ ಮಳೆಗಾಲದ ತೇವ ಗಾಜಿನ ಒಳಮೈಗೆ ಹಿಡಿದು ಚಿತ್ರ ಅಂಟಿಕೊಳ್ಳುತ್ತದೆ, ಬೂಸ್ಟು ಬರುತ್ತದೆ.

ರಾಜ್ಯದ ಕಲಾವಿದರನ್ನೆಲ್ಲ ಒಂದೇ ದಿನ ನೋಡಬೇಕಾದರೆ ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಚಿತ್ರಸಂತೆ ಇದೆ. 2003ರಿಂದ ನಡೆಯುತ್ತಿದೆ, ಸಾಮಾನ್ಯವಾಗಿ ಜನವರಿಯ ಒಂದು ಭಾನುವಾರ.

ಗೋಡೆ_ಬರಹ:
ಕಾಂಪೌಂಡ್ ವಿಷಯ ನಾನು ಹೇಳ್ತೀನಿ. ಸರ್, ಅವಸರ ಮಾಡಬ್ಯಾಡ್ರಿ. ಹೊಸ ಸಿಮೆಂಟ್ ಗಿಲಾವಿಗೆ ಕ್ಯೂರಿಂಗ್ ಸೇರಿ ಕನಿಷ್ಠ 28 ದಿನ ಬಿಡಬೇಕು. ಅದಕ್ಕಿಂತ ಮೊದಲು ಬಳಿದರೆ ಒಳಗಿನ ಕ್ಷಾರ ಬಣ್ಣವನ್ನೇ ತಿಂದುಬಿಡುತ್ತೆ. ಕೆಂಪು, ನೀಲಿ ಅಲ್ಲಲ್ಲಿ ಬೂದಿ ಬಣ್ಣಕ್ಕೆ ತಿರುಗಿದ ಗೋಡೆ ನೋಡಿರ್ತೀರಿ, ಅದೇ ಕಾರಣ. ಆಯಿಲ್ ಪೇಂಟ್ ಅಂತೂ ಬೇಡವೇ ಬೇಡ. ಸಿಮೆಂಟಿನ ಮೇಲೆ ಸಾಬೂನಿನಂತೆ ಮೆತ್ತಗಾಗಿ ಹಾಳೆ ಹಾಳೆಯಾಗಿ ಕಳಚುತ್ತೆ.

28 ದಿನ ಆದ ಮೇಲೂ ಒಂದು ಪರೀಕ್ಷೆ ಮಾಡ್ರಿ. ಒಂದೂವರೆ ಅಡಿ ಚದರದ ಪ್ಲಾಸ್ಟಿಕ್ ಹಾಳೆ ತಗೊಂಡು, ನೆಲದಿಂದ ಒಂದಡಿ ಮೇಲೆ, ನಾಲ್ಕೂ ಅಂಚಿಗೆ ಟೇಪ್ ಒತ್ತಿ ಸಂಜೆ ಅಂಟಿಸಿ. ಮಾರನೇ ದಿನ ಬೆಳಗ್ಗೆ ಒಳಮೈಯಲ್ಲಿ ಹನಿ ನಿಂತಿದ್ದರೆ ಗೋಡೆ ಇನ್ನೂ ಹಸಿ ಅಂತ. ಕಾಂಪೌಂಡ್ ಗೋಡೆಯಲ್ಲಿ ಇದು ಬಹಳ. ಒಳಗಡೆ ಗಿಡದ ಮಣ್ಣನ್ನು ಗೋಡೆಗೆ ಒತ್ತಿ ಹಾಕಿರ್ತಾರೆ, ನೀರು ಹಾಕಿದಷ್ಟೂ ಇತ್ತ ಕಡೆ ಉಪ್ಪು ಬಿಡುತ್ತೆ. ಮಣ್ಣನ್ನು ಹಿಂದಕ್ಕೆ ಸರಿಸಿ. ಬಿಳಿ ಉಪ್ಪು ಕಂಡರೆ ಒಣ ಬ್ರಷ್‌ನಲ್ಲೇ ಉಜ್ಜಿ ತೆಗೆಯಿರಿ. ನೀರು ಹಾಕಿ ತೊಳೆದರೆ ಉಪ್ಪು ಕರಗಿ ವಾಪಸ್ ಒಳಗೇ ಹೋಗುತ್ತೆ.

ನಿಮ್ಮದು 120 ಚದರಡಿ. ಒಂದು ಕೈ ಹೊರಗೋಡೆ ಪ್ರೈಮರ್, ಆಮೇಲೆ ಎರಡು ಕೈ ಬಿಳಿ ಅಕ್ರಿಲಿಕ್ ಎಕ್ಸ್‌ಟೀರಿಯರ್ ಎಮಲ್ಷನ್, ನಡುವೆ 4 ಗಂಟೆ ಬಿಡುವು. ಎರಡು ಕೈಗೆ ಲೀಟರಿಗೆ 50–60 ಚದರಡಿ ಅಂತ ಲೆಕ್ಕ, ಎರಡೂವರೆ ಲೀಟರ್ ಬೇಕಾಗುತ್ತೆ. ಚಿತ್ರಕ್ಕೂ ಇದೇ ಎಮಲ್ಷನ್ನಿಗೆ ಸ್ಟೇನರ್ (ಬೆರೆಸುವ ಗಾಢ ಬಣ್ಣ) ಬೆರೆಸಿಕೊಳ್ಳಬಹುದು. ಆದರೆ ಡಬ್ಬಿಯ ಮೇಲೆ ಬರೆದ ಮಿತಿ ದಾಟಬಾರದು, ದಾಟಿದರೆ ಒಣಗಿದ ಮೇಲೂ ಬಣ್ಣ ಪುಡಿಪುಡಿಯಾಗಿ ಕೈಗೆ ಹತ್ತುತ್ತೆ. ಗಾಢ ಬಣ್ಣ ಬೇಕಾದಲ್ಲಿ ಅಂಗಡಿಯ ಮಿಷನ್ನಿನಲ್ಲೇ ಕಲೆಸಿಕೊಂಡು ಬನ್ನಿ.

ಪಶ್ಚಿಮದ ಗೋಡೆಗೆ ನಮ್ಮೂರ ಮಧ್ಯಾಹ್ನದ ಬಿಸಿಲು ನೇರ ಹೊಡೆಯುತ್ತೆ. ಗುಲಾಬಿ, ಹೊಳಪಿನ ಹಳದಿ, ಕಡುಗೆಂಪು ಮೊದಲು ಬಿಳಿಚಿಕೊಳ್ತಾವೆ. ಕಾವಿ ಕೆಂಪು, ಆಕ್ಸೈಡ್ ಹಳದಿ, ಕಪ್ಪು ತಡೀತಾವೆ. ವಿನ್ಯಾಸ ಒಪ್ಪುವ ಮುಂಚೆ ಇದನ್ನು ಕಲಾವಿದರ ಹತ್ತಿರ ಕೂತು ಮಾತಾಡ್ರಿ. ಕೆಲಸ ಬೆಳಗ್ಗೆಯಿಂದ 12ರವರೆಗೆ, ಗೋಡೆ ನೆರಳಲ್ಲಿರುವಾಗಲೇ ಆಗಬೇಕು. ಕಾದ ಗೋಡೆಯ ಮೇಲೆ ಬಣ್ಣ ಹಚ್ಚುವಷ್ಟರಲ್ಲಿ ಕೆನೆಗಟ್ಟಿ ಕುಂಚ ಎಳೆಯುತ್ತೆ, ಅಂಚು ಕೂಡಲ್ಲ. ನವೆಂಬರ್‌ನಿಂದ ಫೆಬ್ರವರಿ ಒಳ್ಳೆ ಕಾಲ.

ನಕ್ಷೆಯನ್ನು 20 ಇಂಚು × 6 ಇಂಚಿನ ಹಾಳೆಯಲ್ಲಿ ಬರೆಸಿ. ಒಂದಿಂಚಿಗೆ ಒಂದಡಿ. ಗೋಡೆ ಮೇಲೆ ಬಣ್ಣದ ಪುಡಿ ಹಚ್ಚಿದ ದಾರ ಬಿಗಿದು ಹೊಡೆದು ಒಂದೊಂದು ಅಡಿಯ ಚೌಕ ಮಾಡಿದರೆ ಮುಖದ ಅಳತೆ ತಪ್ಪಲ್ಲ. ಕೆಳಗಿನ ಒಂದಡಿಯಲ್ಲಿ ಚಿತ್ರ ಬೇಡ, ಮಳೆಯಲ್ಲಿ ರಸ್ತೆಯ ಕೆಸರು ಸಿಡಿಯೋದು ಅಲ್ಲಿಗೇ. ಕಾವಿ ಪಟ್ಟಿ ಬಿಡಿಸಿ ಸಾಕು.

ಕೂಲಿ ಚದರಡಿ ಲೆಕ್ಕದಲ್ಲಿ ಮಾತಾಡಿ, ಬಣ್ಣದ ಖರ್ಚು ಬೇರೆ ಇಡಿ, ಒಂದು ಮಳೆಗಾಲ ಕಳೆದ ಮೇಲೆ ತಿದ್ದಿಕೊಡೋದು ಸೇರಿದೆಯೋ ಇಲ್ಲವೋ ಮೊದಲೇ ಬರೆದುಕೊಳ್ಳಿ. ಮೂಲೆಯಲ್ಲಿ ಕಲಾವಿದರ ಹೆಸರಿಗೆ ಜಾಗ ಬಿಡ್ರಿ, ಅವರ ಮುಂದಿನ ಕೆಲಸ ಬರೋದು ಅದರಿಂದಲೇ. ನಿಮ್ಮ ಸ್ವಂತ ಗೋಡೆ, ಸರಿ. ಸಾರ್ವಜನಿಕ ಗೋಡೆಗೆ ಮಾತ್ರ ಪಾಲಿಕೆಯ ಒಪ್ಪಿಗೆ ಇಲ್ಲದೆ ಕೈ ಹಚ್ಚುವಂತಿಲ್ಲ, ತೆರೆದ ಸ್ಥಳಗಳ ವಿರೂಪ ತಡೆಗೆ 1981ರ ಕಾಯ್ದೆ ಇದೆ. ಚಿತ್ರದುರ್ಗದ ಕೋಟೆ ಕಲ್ಲಿನ ಮೇಲೆ ಹೆಸರು ಕೆತ್ತುವವರಿಗೂ ಇದನ್ನೇ ಹೇಳಬೇಕು. ಅಲ್ಲಿ ಸಂರಕ್ಷಿತ ಸ್ಮಾರಕದ ಕಾನೂನು, 2 ವರ್ಷದವರೆಗೆ ಜೈಲು ಇದೆ.

ಹಾಸು_ಹೊಕ್ಕು:
ಚಿತ್ರದುರ್ಗ 60 ಕಿ.ಮೀ., ಅಲ್ಲಿಂದ ಚಳ್ಳಕೆರೆ ಸುಮಾರು 30. ಮೊಳಕಾಲ್ಮುರು ಇನ್ನೂ ಮುಂದೆ, ಬಳ್ಳಾರಿ ದಿಕ್ಕಿಗೆ. ಎರಡನ್ನೂ ಒಂದೇ ದಿನಕ್ಕೆ ಇಟ್ಟುಕೊಂಡರೆ ಮಗ್ಗ ನೋಡಲು ಹೊತ್ತು ಸಾಲದು. ಮೊಳಕಾಲ್ಮುರಿಗೆ ಹೋದ ದಿನ ಅಶೋಕನ ಶಾಸನವಿರುವ ಬ್ರಹ್ಮಗಿರಿಯನ್ನೂ ನೋಡಿಕೊಂಡು ಬರಬಹುದು.

ಕಂಬಳಿ: ಅಂಚಿನಲ್ಲಿ ಇಳಿಬಿದ್ದ ಎಳೆಯೊಂದನ್ನು ಕೇಳಿ ಕಿತ್ತುಕೊಂಡು ಬೆಂಕಿ ತಾಗಿಸಿ. ಉಣ್ಣೆಯಾದರೆ ಕೂದಲು ಸುಟ್ಟ ನಾತ ಬರುತ್ತದೆ, ಉಳಿದ ಕರಕಲು ಬೆರಳಲ್ಲಿ ಪುಡಿಯಾಗುತ್ತದೆ. ಅಕ್ರಿಲಿಕ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ಆಮೇಲೆ ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ: ಕುರಿಯ ಸಹಜ ಕಪ್ಪು ಬಿಡುವುದಿಲ್ಲ, ಬಣ್ಣ ಹಾಕಿದ್ದಾದರೆ ಬಟ್ಟೆಗೆ ಹತ್ತಬಹುದು. ಕೈನೂಲಿನ ದಪ್ಪ ಒಂದೇ ಸಮ ಇರುವುದಿಲ್ಲ, ಅಲ್ಲಲ್ಲಿ ಗಂಟು, ಹುಲ್ಲಿನ ಚೂರು ಸಿಕ್ಕರೆ ಅದು ದೋಷವಲ್ಲ. ಹೊಸ ಕಂಬಳಿ ಹಲಗೆಯಂತೆ ಬಿರುಸಾಗಿದ್ದರೂ ಗಾಬರಿ ಬೇಡ. ಹಾಸಿನ (ಉದ್ದಕ್ಕೆ ಬಿಗಿದ) ಎಳೆ ಹರಿಯದಿರಲಿ ಅಂತ ಹುಣಸೆ ಬೀಜದ ಗಂಜಿ ಹಚ್ಚಿರುತ್ತಾರೆ. ತೀರಾ ಮೆತ್ತಗೆ, ತೀರಾ ನಯವಾಗಿ, ಅಗ್ಗವಾಗಿ ಸಿಕ್ಕರೆ ಹಿಂಜರಿಯಿರಿ.

ಸೀರೆ: ರೇಷ್ಮೆಯ ಸಿಲ್ಕ್ ಮಾರ್ಕ್ ಶುದ್ಧ ರೇಷ್ಮೆ ಅಂತ ಮಾತ್ರ ಹೇಳುತ್ತದೆ, ಕೈಮಗ್ಗ ಅಂತ ಹೇಳುವುದಿಲ್ಲ. ವಿದ್ಯುತ್ ಮಗ್ಗದ ಸೀರೆಗೂ ಅದು ಸಿಗುತ್ತದೆ. ಕೈಮಗ್ಗಕ್ಕೆ ಹ್ಯಾಂಡ್‌ಲೂಮ್ ಮಾರ್ಕ್ ಬೇರೆ ಇದೆ, ಎರಡನ್ನೂ ಕೇಳಿ. ಮೂರು ಲಾಳಿಯ (ಅಡ್ಡ ಎಳೆ ಒಯ್ಯುವ ಮಗ್ಗದ ಉಪಕರಣ) ಸೀರೆಯಾದರೆ ಒಡಲಿಗೊಂದು, ಎರಡು ಅಂಚಿಗೆ ಒಂದೊಂದು ಲಾಳಿ ಓಡಿರುತ್ತದೆ. ಸೀರೆ ಮಗುಚಿ ಒಡಲೂ ಅಂಚೂ ಸೇರುವ ಗೆರೆಯ ಮೇಲೆ ಉಗುರಾಡಿಸಿ. ಎರಡು ಬಣ್ಣದ ಹೊಕ್ಕು (ಅಡ್ಡ ಎಳೆ) ಒಂದಕ್ಕೊಂದು ಕೊಂಡಿ ಹಾಕಿಕೊಂಡ ಸಣ್ಣ ಉಬ್ಬು ಸಿಗುತ್ತದೆ, ಒಡಲಿನ ಬಣ್ಣ ಅಂಚಿನೊಳಕ್ಕೆ ನುಗ್ಗಿರುವುದಿಲ್ಲ. ಜರಿ ಬಗ್ಗೆ ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಬೆಳ್ಳಿ ಜರಿಯೋ, ತಾಮ್ರದ್ದೋ, ಪಾಲಿಯೆಸ್ಟರ್ ಮೇಲಿನದೋ ಎಂಬುದರ ಮೇಲೆ ಬೆಲೆ ಪೂರಾ ಬದಲಾಗುತ್ತದೆ.

ತಾಂಡಾ_ದಾರ:
ಲಂಬಾಣಿ ಕಸೂತಿ ಬಿಟ್ಟೇಬಿಟ್ಟಿರಲ್ಲ! ಫೆಬ್ರವರಿ ಮಧ್ಯದಲ್ಲಿ ಸೇವಾಲಾಲ್ ಜಯಂತಿಗೆ ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪಕ್ಕೆ ಹೋಗಿ. ಹಿರಿಯ ಹೆಂಗಸರು ಉಟ್ಟಿರುವ ಪೇಟಿಯಾ (ಲಂಗ), ಕಾಂಚಳಿಯ (ರವಿಕೆ) ಮೇಲೆ ಇರುವಂಥ ಕೆಲಸ ಯಾವ ಅಂಗಡಿಯಲ್ಲೂ ಸಿಗದು. ಫೋಟೋ ತೆಗೆಯುವ ಮೊದಲು ಒಪ್ಪಿಗೆ ಕೇಳಿ. ಕೊಳ್ಳುವಾಗ ಹಿಂಬದಿ ತಿರುಗಿಸಿ: ಮಿಷನ್ ಹೊಲಿಗೆಯಾದರೆ ಕೆಳಗಡೆ ಉದ್ದಕ್ಕೂ ಒಂದೇ ಬಿಳಿ ಬಾಬಿನ್ ದಾರ ಕಾಣುವುದೇ ಹೆಚ್ಚು. ಕೈಹೊಲಿಗೆಯಲ್ಲಿ ಮೇಲಿನ ಬಣ್ಣವೇ ಕೆಳಗೂ ಇರುತ್ತದೆ, ಗಂಟೂ ಕಾಣುತ್ತದೆ. ಕನ್ನಡಿಯನ್ನು ಸುತ್ತಲಿನ ದಾರವೇ ಹಿಡಿದಿರಬೇಕು, ಗೋಂದು ಅಲ್ಲ.

ಹೊಸ_ಬಡಾವಣೆ:
ಎಲ್ಲರಿಗೂ ಧನ್ಯವಾದ. ಗೋಡೆ ಕೆಲಸ ನವೆಂಬರ್‌ಗೆ ಇಟ್ಟುಕೊಳ್ಳುತ್ತೇವೆ. ಹಾಸು_ಹೊಕ್ಕು ಅವರೇ, ಕಂಬಳಿ ಒಗೆಯುವುದು ಹೇಗೆ? ಹುಳ ಬೀಳದಂತೆ ಇಡುವುದು ಹೇಗೆ?

ಹಾಸು_ಹೊಕ್ಕು:
ವಾಷಿಂಗ್ ಮಿಷನ್ನಿಗೆ ಹಾಕಬೇಡಿ. ಬಿಸಿನೀರು, ತಿಕ್ಕಾಟ ಎರಡೂ ಸೇರಿದರೆ ಉಣ್ಣೆಯ ಎಳೆಗಳ ಮೇಲಿನ ಸಣ್ಣ ಹುರುಪೆಗಳು ಒಂದರಲ್ಲೊಂದು ಸಿಕ್ಕಿಕೊಂಡು ಕಂಬಳಿ ಕುಗ್ಗಿ ಗಟ್ಟಿಯಾಗುತ್ತದೆ, ಮತ್ತೆ ಹಿಗ್ಗುವುದಿಲ್ಲ. ತಣ್ಣೀರಲ್ಲಿ ಅಂಟುವಾಳದ ನೊರೆ ಹಾಕಿ ಅರ್ಧ ಗಂಟೆ ನೆನೆಸಿ, ಅಂಗೈಯಿಂದ ಒತ್ತಿ ಒತ್ತಿ ನೀರು ಬಿಡಿಸಿ, ಹಿಂಡದೆ ನೆರಳಲ್ಲಿ ಚಪ್ಪಟೆ ಹರಡಿ. ಗಂಜಿ ಇಳಿಯಲು ಮೊದಲ ಸಲ ಎರಡು ಬಾರಿ ನೀರು ಬದಲಿಸಿ, ಗಂಜಿ ಉಳಿದರೆ ಅದನ್ನು ತಿನ್ನಲು ಬೆಳ್ಳಿಹುಳ ಬರುತ್ತವೆ. ಒಳಗಿಡುವ ಮುಂಚೆ ಪೂರ್ತಿ ಒಣಗಿರಬೇಕು. ಹತ್ತಿ ಬಟ್ಟೆಯಲ್ಲಿ ಸುತ್ತಿ, ಒಣ ಬೇವಿನೆಲೆ ಹಾಕಿ. ಪ್ಲಾಸ್ಟಿಕ್ ಚೀಲದಲ್ಲಿ ತೇವ ನಿಲ್ಲುತ್ತದೆ, ಅದು ಬೇಡ. ಎರಡು ತಿಂಗಳಿಗೊಮ್ಮೆ ಹೊರತೆಗೆದು ಕೊಡವಿ ಬಿಸಿಲಿಗೆ ಹಾಕಿ, ಮಡಿಕೆಯ ಒಳಗೆ ಕೈಯಾಡಿಸಿ ನೋಡಿ. ನುಸಿಯ ಮೊಟ್ಟೆ ಇರುವುದು ಅಲ್ಲೇ.