ಸಹಾಯ ಬೇಕು: ಡ್ಯಾನ್ಸ್ ಪ್ಯಾಡ್ ಗಟ್ಟಿಯದು ತಗೊಳ್ಳೋದೋ, ಮ್ಯಾಟೇ ಸಾಕೋ?

ಎಲ್ಲರಿಗೂ ನಮಸ್ಕಾರ. ನಾವಿರೋದು ದಾವಣಗೆರೆ ವಿದ್ಯಾನಗರದಲ್ಲಿ, ಮಹಡಿ ಮೇಲಿನ ಬಾಡಿಗೆ ಮನೆ. ಲ್ಯಾಪ್‌ಟಾಪ್‌ಗೆ ಸ್ಟೆಪ್‌ಮೇನಿಯಾ (ಹಾಡಿಗೆ ತಕ್ಕಂಗೆ ಕಾಲಲ್ಲಿ ಬಾಣ ತುಳಿಯೋ ಡ್ಯಾನ್ಸ್ ಗೇಮ್) ಹಾಕ್ಕೊಂಡು ನಾನೂ ಮಗಳೂ ಆಡ್ತೀವಿ. ಸದ್ಯಕ್ಕಿರೋದು ಮಡಚಿಡೋ ಯುಎಸ್‌ಬಿ ಮ್ಯಾಟ್.

ಎಡ, ಬಲ ಎರಡೂ ಬಾಣ ಒಟ್ಟಿಗೆ ತುಳಿದರೆ ಒಂದೂ ದಾಖಲಾಗಲ್ಲ. ಮೇಲಿನದು, ಬಲಗಡೆದು ಒಟ್ಟಿಗೆ ತುಳಿದರೆ ಸರಿಯಾಗೇ ಬರ್ತದೆ. ಕೀಬೋರ್ಡಲ್ಲಿ ಆಡಿದರೆ ಯಾವ ತಕರಾರೂ ಇಲ್ಲ, ಹಂಗಾಗಿ ಗೇಮಿನ ತಪ್ಪಲ್ಲ. ವಿಂಡೋಸ್‌ನ ಗೇಮ್ ಕಂಟ್ರೋಲರ್ ಟೆಸ್ಟಲ್ಲಿ ನೋಡಿದರೆ ಬಾಣಗಳು ಬೇರೆ ಬೇರೆ ಬಟನ್ ಆಗಿಲ್ಲ, ಜಾಯ್‌ಸ್ಟಿಕ್ ಆಕ್ಸಿಸ್ ಆಗಿ ಕಾಣ್ತಾವೆ. ಅಂದ್ರೆ ಎಡ-ಬಲ ಒಂದೇ ಗೆರೆಯ ಎರಡು ತುದಿ, ಒಟ್ಟಿಗೆ ಒತ್ತಿದರೆ ಸೊನ್ನೆ. ಗೇಮೊಳಗೆ ಕೀ ಮ್ಯಾಪಿಂಗ್ ಬದಲಾಯಿಸಿದೆ, ಬೇರೆ ಯುಎಸ್‌ಬಿ ಪೋರ್ಟಿಗೆ ಹಾಕಿದೆ, ಏನೂ ಆಗಲಿಲ್ಲ. ಮ್ಯಾಟ್ ಜಾರೋದು ಮಾತ್ರ ಪ್ಲೈವುಡ್ಡಿಗೆ ಟೇಪ್ ಹಾಕಿ ಕೂರಿಸಿದ್ಮೇಲೆ ನಿಂತಿದೆ.

ಅಂಗಡೀಲಿ ಕೇಳಿದ್ರೆ "ಎಲ್ಲಾ ಒಂದೇ ಸಾರ್" ಅಂತಾರೆ. ಬಾಕ್ಸ್ ಮೇಲೂ ಆಕ್ಸಿಸ್ಸೋ ಬಟನ್ನೋ ಬರೆದಿರಲ್ಲ, ಬರೀ ಬಣ್ಣಬಣ್ಣದ ಚಿತ್ರ! ಪೋಲೆಂಡಿನ ಎಲ್-ಟೆಕ್ ತರದ ಗಟ್ಟಿ ಪ್ಯಾಡ್ ತರಿಸೋಣ ಅಂದ್ರೆ ಸಾಗಾಣಿಕೆ, ಕಸ್ಟಮ್ಸ್ ಸುಂಕ ಸೇರಿ ಕೈ ಸುಡ್ತದೆ. ಕೆಳಗಡೆ ಓನರ್ ಬೇರೆ ಇದಾರೆ, ಸದ್ದಿನ ಚಿಂತೆ. ಇಲ್ಲಾಂದ್ರೆ ಪ್ಲೈವುಡ್, ಒತ್ತಡದ ಸೆನ್ಸರ್, ಆರ್ಡುಯಿನೋ ಲಿಯೊನಾರ್ಡೊ (ಕಂಪ್ಯೂಟರಿಗೆ ಕೀಬೋರ್ಡ್ ತರ ಕಾಣಿಸೋ ಚಿಕ್ಕ ಪ್ರೋಗ್ರಾಮಿಂಗ್ ಬೋರ್ಡ್) ಹಾಕಿ ನಾವೇ ಮಾಡ್ಕೋಬೇಕು. ಸೋಲ್ಡರಿಂಗ್ ಅಷ್ಟಿಷ್ಟು ಬರ್ತದೆ.

ಈಗಿರೋ ಮ್ಯಾಟಿನ ಕಂಟ್ರೋಲ್ ಬೋರ್ಡ್ ಒಂದನ್ನೇ ತೆಗೆದು ಲಿಯೊನಾರ್ಡೊ ಕೂರಿಸಿದರೆ ನಾಲ್ಕು ಬಾಣಾನೂ ಬೇರೆ ಬಟನ್ ಆಗ್ತಾವಾ, ಇಲ್ಲಾ ಮ್ಯಾಟ್ ಬಿಟ್ಟು ಗಟ್ಟಿ ಪ್ಯಾಡಿಗೇ ಹೋಗ್ಬೇಕಾ? ಮಹಡಿ ಮನೇಲಿ ಗಟ್ಟಿ ಪ್ಯಾಡ್ ಇಟ್ಟೋರು ಸದ್ದಿಗೆ ಕೆಳಗೆ ಏನು ಹಾಸಿದ್ರಿ, ಅದನ್ನೂ ಹೇಳಿ.