ಇನ್‌ಹಿಬಿಟರ್‌ಗೆ ಕನ್ನಡದಲ್ಲಿ ಏನನ್ನಬೇಕು? (ಸ್ವಲ್ಪ ಅರ್ಜೆಂಟು)

ನಮಸ್ಕಾರ. ಗಿಡಗಳ ಡಿಎನ್‌ಎ ಬಗ್ಗೆ ಒಂದು ಪೋಸ್ಟರ್ ಕನ್ನಡಕ್ಕೆ ತರುತ್ತಿದ್ದೇನೆ, ಸಂಜೆ ಅಚ್ಚಿಗೆ ಹೋಗಬೇಕು. ಡಿಎನ್‌ಎಗೆ ಮೀಥೈಲ್ ಅನ್ನುವ ಪುಟ್ಟ ರಾಸಾಯನಿಕ ಗುಂಪು ಅಂಟುವುದು ಮೀಥೈಲೀಕರಣ, ಅದನ್ನು ತಡೆಯುವ ಇನ್‌ಹಿಬಿಟರ್‌ಗೆ ‘ಮೀಥೈಲೀಕರಣ ನಿರೋಧಕ’ ಅಂತ ಬರೆದೆ. ಆದರೆ ‘ರೋಗನಿರೋಧಕ ತಳಿ’ ಅಂದ್ರೆ ರೋಗ ತಡೆದುಕೊಳ್ಳುವ ತಳಿ ಅಲ್ವಾ? ಇಲ್ಲೂ ಗಿಡವೇ ಏನನ್ನೋ ತಡೆದುಕೊಳ್ಳುತ್ತದೆ ಅಂತ ಓದುವವರು ಅಂದುಕೊಂಡಾರು. ತಡೆಯುವುದು ನಾವು ಹೊರಗಿಂದ ಕೊಡುವ ಅಜಾಸೈಟಿಡಿನ್, ಜೆಬ್ಯುಲರಿನ್ ಥರದ ರಾಸಾಯನಿಕ.

———

ನಿರೋಧಕ ಬೇಡ. ‘ತಡೆಕ’ ಸಾಕು. ‘ಮೀಥೈಲೀಕರಣ’ವೂ ತಪ್ಪು. ‘ಈಕರಣ’ ಬಂದರೆ ಅಲ್ಲದ್ದು ಅದಾಗಬೇಕು. ಸೈಟೋಸಿನ್ (ಡಿಎನ್‌ಎಯ ನಾಲ್ಕು ‘ಅಕ್ಷರ’ಗಳಲ್ಲಿ ಒಂದು) ಎಲ್ಲಿ ಮೀಥೈಲ್ ಆಗುತ್ತದೆ? ಅದರ 5ನೇ ಕಾರ್ಬನ್ನಿಗೆ ಮೀಥೈಲ್ ಅಂಟಿಕೊಳ್ಳುತ್ತದೆ, ಅಷ್ಟೇ. ‘ಮೆತಯ್ಲಂಟು’ ಅನ್ನಿ. ಆ ಮಹಾಪ್ರಾಣ ಯಾರ ಬಾಯಲ್ಲೂ ಇಲ್ಲ.

———

> ‘ಮೆತಯ್ಲಂಟು’ ಅನ್ನಿ

ಯಾವುದೋ ಗೋಂದಿನ ಹೆಸರಿನ ಹಾಗಿದೆ. ಕುಡುಕ, ತಿರುಕ, ಕೆಡುಕ, ಈಗ ತಡೆಕ! ಬೈಗುಳದ ಪಟ್ಟಿಗೆ ಇನ್ನೊಂದು. ಪದದ ಹುಟ್ಟಾದರೂ ನೋಡಿ. ಗ್ರೀಕಿನಲ್ಲಿ ‘ಮೆಥು’ ಅಂದರೆ ಮದ್ಯ, ‘ಹೂಲೆ’ ಅಂದರೆ ಕಟ್ಟಿಗೆ. ಕಟ್ಟಿಗೆಯಿಂದ ಬಟ್ಟಿ ಇಳಿಸಿದ ಸಾರವನ್ನು ಪರೀಕ್ಷಿಸಿದ ಫ್ರಾನ್ಸಿನ ದ್ಯೂಮಾ, ಪೆಲಿಗೊ 1830ರ ದಶಕದಲ್ಲಿ ಕಟ್ಟಿದ ಹೆಸರು ಅದು. ‘ಮೆಥು’ ನಮ್ಮ ‘ಮಧು’ವಿನ ದಾಯಾದಿ. ‘ಮಧುಲೀಕರಣ’ ಅಂದರೆ ಏನು ತಪ್ಪು? ಜೊತೆಗೆ ‘ಲೋಪಕಾರಿ’.

———

ಗ್ರೀಕಿನಿಂದ ತಪ್ಪಿಸಿಕೊಂಡು ಸಂಸ್ಕೃತದ ಕಾಲಿಗೆ ಬಿದ್ದಿರಿ.

———

‘ಕಾರ್ಬನ್’ ಯಾವ ಹಳಗನ್ನಡ, ಸ್ವಾಮಿ?

———

ಜಗಳ ಆಮೇಲೆ ಆಡೋಣ. ‘ಲೋಪಕಾರಿ’ ಮಾತ್ರ ಆಗಲ್ಲ, ಯಾಕಂದ್ರೆ ಈ ರಾಸಾಯನಿಕವು ಡಿಎನ್‌ಎ ಮೇಲೆ ಈಗಾಗಲೇ ಇರುವ ಮೀಥೈಲ್ ಗುರುತನ್ನು ಅಳಿಸುವುದಿಲ್ಲ. ಡಿಎನ್‌ಎ ನಕಲಾಗುವಾಗ ಹೊಸ ಎಳೆಯಲ್ಲಿ ಸೈಟೋಸಿನ್ ಜಾಗಕ್ಕೆ ಅದರಂತೆಯೇ ಕಾಣುವ ಇದು ಹೋಗಿ ಕೂರುತ್ತದೆ, ಮೀಥೈಲ್ ಅಂಟಿಸಲು ಬಂದ ಕಿಣ್ವ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ, ಬಿಡಿಸಿಕೊಳ್ಳಲು ಆಗಲ್ಲ. ಹಳೇ ಎಳೆಯ ಗುರುತು ಹಾಗೇ ಇರುತ್ತದೆ. ಹೊಸದಕ್ಕೆ ಬೀಳುವುದಿಲ್ಲ. ಕೋಶ ಒಡೆದ ಹಾಗೆಲ್ಲ ಗುರುತು ತೆಳುವಾಗುತ್ತಾ ಹೋಗಿ, ಆ ಗುರುತಿನಿಂದಾಗಿ ಸುಮ್ಮನಿದ್ದ ಕೆಲವು ಜೀನ್‌ಗಳು ಎದ್ದು ಕೂರುತ್ತವೆ. ಅಗಸೆ ಗಿಡ ಹೀಗೆ ಬೇಗ ಹೂ ಬಿಟ್ಟದ್ದೂ ಉಂಟು. ‘ಮೀಥೈಲೀಕರಣ ತಡೆಯುವ ರಾಸಾಯನಿಕ’ ಅಂತ ಹಾಕುತ್ತೇನೆ. ಉದ್ದ ಆಯ್ತು, ಆದರೆ ಯಾರಿಗೂ ಗೊಂದಲ ಆಗಲ್ಲ.

———

ಕಿಣ್ವ ಸಿಕ್ಕಿಬೀಳುವುದಾದರೆ ಅದು ತಡೆಯಲ್ಲ, ಗಾಳ. ‘ಕಿಣ್ವಗಾಳ’ ಅನ್ನಿ.

———

ಅಚ್ಚಿಗೆ ಹೋಯ್ತು.