ಆರಂಕುಸಮಿಟ್ಟೊಡಂ: ಇಲ್ಲಿ ‘ಆರು’ ಎಂದರೆ ಎಷ್ಟು?

ಪದಾಸಕ್ತ ಗೆಳೆಯರಿಗೆಲ್ಲ ನಮಸ್ಕಾರ.

ನಮ್ಮ ಬಡಾವಣೆಯ ರಾಜ್ಯೋತ್ಸವ ಸ್ಮರಣ ಸಂಚಿಕೆಯ ಕರಡು ತಿದ್ದುವ ಕೆಲಸ ಈ ವರ್ಷವೂ ನನ್ನ ಪಾಲಿಗೆ ಬಂದಿದೆ. ಮೊದಲ ಪುಟದಲ್ಲಿ ‘ದೇಶಭಕ್ತಿ ಗೀತೆಗಳು’ ಎಂಬ ತಲೆಬರಹ. ಅದರ ಕೆಳಗೆ ಪಂಪನ ಸಾಲು: ‘ಆರಂಕುಸಮಿಟ್ಟೊಡಂ ನೆನೆವುದೆನ್ನ ಮನಂ ಬನವಾಸಿ ದೇಶಮಂ’. ಅದಕ್ಕೂ ಕೆಳಗೆ ಯಾರೋ ಉತ್ಸಾಹಿಗಳು ಬರೆದ ಅರ್ಥ: ‘ಆರು ಅಂಕುಶಗಳಿಂದ ತಿವಿದರೂ ನನ್ನ ಮನಸ್ಸು ಬನವಾಸಿ ದೇಶವನ್ನೇ ನೆನೆಯುತ್ತದೆ.’ ನಾನು ನಕ್ಕು, ‘ಆರು’ ಹೊಡೆದುಹಾಕಿ ‘ಯಾರು’ ಎಂದು ಬರೆದು ಕಳುಹಿಸಿದೆ. ಕರಡು ಮರಳಿ ಬಂದಾಗ ಅಂಚಿನಲ್ಲಿ ಪೆನ್ಸಿಲ್ಲಿನಲ್ಲಿ ಒಂದೇ ಪದವಿತ್ತು: ‘ಆಧಾರ?’

ಕೇಳಿದ್ದು ನ್ಯಾಯವೇ. ನಾವು ಶಾಲೆಯಲ್ಲಿ ಈ ಸಾಲನ್ನು ಬಾಯಿಪಾಠ ಮಾಡಿದ್ದೆವೇ ಹೊರತು ಬಿಡಿಸಿ ನೋಡಿದವರು ಕಡಿಮೆ.

ಪದವನ್ನು ಬಿಡಿಸಿದರೆ ಆರ್ + ಅಂಕುಸಂ + ಇಟ್ಟೊಡಂ. ‘ಆರ್’ ಎಂದರೆ ಯಾರು. ಹಳಗನ್ನಡದಲ್ಲಿ ಸಂಖ್ಯೆಯ ‘ಆಱು’ ಶಕಟರೇಫದ್ದು (ಈಗ ಬಳಕೆಯಲ್ಲಿಲ್ಲದ ‘ಱ’), ಪ್ರಶ್ನೆಯ ‘ಆರ್’ ಸಾಮಾನ್ಯ ರೇಫದ್ದು (ನಮ್ಮ ‘ರ’). ಕಿವಿಗೂ ಕಣ್ಣಿಗೂ ಅವು ಬೇರೆ ಬೇರೆ ಪದಗಳಾಗಿದ್ದವು. ತಮಿಳರು ಈ ಎರಡು ರೇಫಗಳನ್ನು ಬರಹದಲ್ಲಿ ಇಂದಿಗೂ ಉಳಿಸಿಕೊಂಡಿದ್ದಾರೆ. ನಾವು ಱವನ್ನು ಬಿಟ್ಟುಕೊಟ್ಟೆವು, ಅದರೊಂದಿಗೆ ಈ ಗೊಂದಲವನ್ನು ಪಡೆದುಕೊಂಡೆವು. ಹಾಗೆಂದು ‘ಆರು’ ಎಂಬ ಪ್ರಶ್ನಪದ ನಮಗೆ ಅಷ್ಟೇನೂ ಅಪರಿಚಿತವಲ್ಲ. ಬಸವಣ್ಣನವರ ‘ಇವನಾರವ’ ಎಂಬಲ್ಲಿ ಯಾರೂ ಆರರವರೆಗೆ ಎಣಿಸುವುದಿಲ್ಲ.

ಕರಡಿನ ನೆಪದಲ್ಲಿ ಪೂರ್ತಿ ಪದ್ಯವನ್ನು ಮತ್ತೆ ಓದಿದಾಗ ಇನ್ನೊಂದು ಸಂಗತಿ ಹೊಳೆಯಿತು. ಇದು ಉತ್ಪಲಮಾಲೆ ಎಂಬ ಛಂದಸ್ಸು, ಪಾದಕ್ಕೆ (ಅಂದರೆ ಸಾಲಿಗೆ) 20 ಅಕ್ಷರ. ನಾವು ವೇದಿಕೆಗಳಲ್ಲಿ, ಫಲಕಗಳ ಮೇಲೆ, ಆಹ್ವಾನ ಪತ್ರಿಕೆಗಳಲ್ಲಿ ಬರೆಯುವ ‘ಆರಂಕುಸಮಿಟ್ಟೊಡಂ’ ಸಾಲನ್ನು ಎಣಿಸಿ ನೋಡಿ, 21 ಆಗುತ್ತದೆ. ಹೆಚ್ಚಾದ ಆ ಒಂದು ಅಕ್ಷರ ಯಾವುದು? ಮೊದಲಿನ ‘ಆ’. ಅದು ಮೂರನೆಯ ಪಾದದ ಕೊನೆಯ ಅಕ್ಷರ. ಅಲ್ಲಿ ‘ಏನನೆಂಬೆನಾ’ ಎಂದು ಪಾದ ಮುಗಿಯುತ್ತದೆ. ನಾಲ್ಕನೆಯದು ‘ರಂಕುಸಮಿಟ್ಟೊಡಂ’ ಎಂದು ಶುರುವಾಗುತ್ತದೆ. ಮೊದಲ ಪಾದದ ‘ತೆಂಕಣ’ಕ್ಕೆ ಪ್ರಾಸ ಕೂಡುವುದು ಈ ‘ರಂಕುಸ’ದಿಂದಲೇ. ಅಂದರೆ ಸಾವಿರ ವರ್ಷ ದಾಟಿ ಬಂದ ಈ ಘೋಷವಾಕ್ಯ ಪಂಪನ ಒಂದು ಸಾಲಲ್ಲ. ಒಂದು ಸಾಲು ಮತ್ತು ಹಿಂದಿನ ಸಾಲಿನಿಂದ ಕಿತ್ತುಕೊಂಡ ಒಂದು ಅಕ್ಷರ.

ಕಿತ್ತುಕೊಂಡಿದ್ದರಿಂದ ಆದ ನಷ್ಟ ‘ಏನನೆಂಬೆನ್’ ಎಂಬ ಮಾತು. ಪದ್ಯದ ತುಂಬ ‘-ಒಡಂ’ ಸರಪಳಿಯಿದೆ: ತೆಂಕಣ (ದಕ್ಷಿಣದ) ಗಾಳಿ ಸೋಂಕಿದೊಡಂ, ಒಳ್ನುಡಿ ಕೇಳ್ದೊಡಂ, ಇಂಪಾದ ಗೇಯ ಕಿವಿ ಪೊಕ್ಕೊಡಂ, ಬಿರಿದ ಮಲ್ಲಿಗೆ ಕಂಡೊಡಂ. ಇವೆಲ್ಲ ನೆನಪನ್ನು ಎಬ್ಬಿಸುವ ಕಾರಣಗಳು. ‘ಸೋಂಕಿದರೂ ಸಾಕು, ಕೇಳಿದರೂ ಸಾಕು’ ಎಂಬ ಅರ್ಥ. ಆಮೇಲೆ ‘ಏನೆಂದು ಹೇಳಲಿ’ ಎಂದು ಕವಿ ಒಂದು ಕ್ಷಣ ಸೋತು ನಿಲ್ಲುತ್ತಾನೆ. ನಂತರ ಬರುವ ‘ಇಟ್ಟೊಡಂ’ ಅದೇ ಪ್ರತ್ಯಯದ್ದಾದರೂ ಕೆಲಸ ತಿರುವುಮುರುವು: ಇದು ಕಾರಣವಲ್ಲ, ಅಡ್ಡಿ. ‘ಇಟ್ಟರೂ ಕೂಡ’. ನನ್ನ ಮಟ್ಟಿಗೆ ಪದ್ಯದ ಜೀವ ಈ ತಿರುವಿನಲ್ಲಿದೆ. ಕೊನೆಯ ಸಾಲನ್ನು ಮಾತ್ರ ಹೇಳುವವರಿಗೆ ಅದು ಸಿಗುವುದಿಲ್ಲ. ಅವರ ಬಾಯಲ್ಲಿ ಅದು ಸವಾಲಾಗುತ್ತದೆ. ಪೂರ್ತಿ ಪದ್ಯದಲ್ಲಿ ಅದು ಅಸಹಾಯಕತೆಯ ಮಾತು.

(ಇಲ್ಲಿಯೇ ಇನ್ನೊಂದು ಹಳ್ಳವಿದೆ: ‘ಒಳ್ನುಡಿ’ ಒಳಗಿನ ನುಡಿಯಲ್ಲ, ಒಳ್ಳೆಯ ನುಡಿ. ಸಂಚಿಕೆಯಲ್ಲಿ ‘ಅಂತರಂಗದ ಮಾತು’ ಎಂದಿತ್ತು. ಅದನ್ನೂ ತಿದ್ದಿದ್ದೇನೆ.)

ಇನ್ನು ಅಂಕುಸ. ಸಂಸ್ಕೃತದ ಅಂಕುಶದ ತದ್ಭವ, ಮಾವುತನ ಕೈಯ ಉಪಕರಣ. ಅದಕ್ಕೆ ನೇರವಾದ ಮೊನೆಯೂ ಇದೆ, ಬಾಗಿದ ಕೊಕ್ಕೆಯೂ ಇದೆ. ತಿವಿದು ಮುಂದಕ್ಕೆ ನಡೆಸಬಹುದು, ಎಳೆದು ತಡೆಯಬಹುದು. ಸಂಚಿಕೆಯವರ ‘ತಿವಿದರೂ’ ಎಂಬುದು ಅರ್ಧವನ್ನಷ್ಟೇ ಹೇಳುತ್ತದೆ, ಹಿಂಸೆಯ ಚಿತ್ರವನ್ನೂ ತರುತ್ತದೆ. ಪದ್ಯದಲ್ಲಿ ಯಾರೂ ಯಾರನ್ನೂ ಹಿಂಸಿಸುತ್ತಿಲ್ಲ. ಮನಸ್ಸು ಆನೆ, ಅದು ಹೊರಟ ದಾರಿಯಿಂದ ಅದನ್ನು ತಿರುಗಿಸಲಾಗುತ್ತಿಲ್ಲ. ಬಸವಣ್ಣನವರ ಮನಸ್ಸು ಕೊಂಬೆಯ ಮೇಲಿನ ಕೋತಿ, ಎಲ್ಲೆಂದರಲ್ಲಿ ಹಾರುತ್ತದೆ. ಪಂಪನದು ಒಂದೇ ಊರಿನ ದಾರಿ ಹಿಡಿದ ಆನೆ. ‘ಬೆಲೆ ಏರಿಕೆಗೆ ಅಂಕುಶ’ ಎಂದು ಪತ್ರಿಕೆಗಳು ಬರೆಯುವಾಗ, ‘ನಿರಂಕುಶ ಪ್ರಭುತ್ವ’ ಎನ್ನುವಾಗ ನಾವು ಬಳಸುವುದೂ ತಡೆ ಎಂಬ ಈ ಅರ್ಥವನ್ನೇ. ಹಾಗಾಗಿ ‘ಯಾರು ಅಂಕುಶ ಹಾಕಿದರೂ’ ಎಂದರೆ ಇಂದಿನ ಓದುಗರಿಗೆ ಮೂಲ ರೂಪಕವೂ ದಕ್ಕುತ್ತದೆ.

ಸಮಿತಿಯ ಹಿರಿಯರೊಬ್ಬರು ಫೋನಿನಲ್ಲಿ ಒಂದು ಸಲಹೆ ಕೊಟ್ಟರು: ‘ನೆನೆವುದು’ ಎಂಬುದನ್ನು ‘ನೆನೆಯಬೇಕು’ ಎಂದು ಮಾಡಿದರೆ ಮಕ್ಕಳಿಗೆ ದೇಶಭಕ್ತಿಯ ಬೋಧನೆಯಾದಂತೆ ಆಗುತ್ತದೆ. ವ್ಯಾಕರಣದಲ್ಲಿ ಅದಕ್ಕೆ ಎಡೆ ಇಲ್ಲವೆಂದಲ್ಲ. ಇದಕ್ಕಿಂತ ಮುಂಚಿನ ಪದ್ಯದಲ್ಲಿ ಮರಿದುಂಬಿಯಾಗಿಯಾದರೂ ಕೋಗಿಲೆಯಾಗಿಯಾದರೂ ಬನವಾಸಿಯಲ್ಲಿ ‘ಪುಟ್ಟುವುದು’ ಎಂದಾಗ ಅದು ಹುಟ್ಟಬೇಕು ಎಂಬ ವಿಧಿಯೇ. ಆದರೆ ಇಲ್ಲಿ ‘ಎನ್ನ ಮನಂ’ ಎಂಬ ಕರ್ತೃಪದ ಎದುರಿಗೇ ನಿಂತಿದೆ. ಮನಂ ನೆನೆವುದು, ಮನಸ್ಸು ನೆನೆಯುತ್ತದೆ, ಅಷ್ಟೇ. ಯಾರಿಗೂ ಆಜ್ಞೆಯಿಲ್ಲ. ನಂತರದ ನಾಡಗೀತೆಗಳ ಕ್ರಿಯಾಪದಗಳು ಬೇರೆ ಜಾತಿಯವು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಹಾಡಿದ ಹುಯಿಲಗೋಳ ನಾರಾಯಣರಾಯರ ಗೀತೆ ‘ಉದಯವಾಗಲಿ’ ಎಂದು ಹಾರೈಸುತ್ತದೆ, ಡಿ.ಎಸ್. ಕರ್ಕಿಯವರದು ‘ಹಚ್ಚೇವು’ ಎಂದು ಪಣ ತೊಡುತ್ತದೆ. (ಶಾಲಾ ವ್ಯಾಕರಣದ ಪ್ರಕಾರ ‘ಹಚ್ಚೇವು’ ಸಂಭಾವನಾರ್ಥಕ, ಹಚ್ಚಿದರೂ ಹಚ್ಚಬಹುದು! ಹಾಡುವವರಲ್ಲಿ ಯಾರಿಗೂ ಆ ಅನುಮಾನ ಬಂದದ್ದನ್ನು ನಾನು ಕಂಡಿಲ್ಲ.) ನಾಡು ಇನ್ನೂ ಒಂದಾಗಬೇಕಿದ್ದಾಗ ಹಾರೈಕೆಯೂ ಪಣವೂ ಬೇಕಿದ್ದವು. ಪಂಪನಿಗೆ ಬೇಕಿದ್ದದ್ದು ಊರಿನ ಗಾಳಿ.

ಗಾಳಿ ಎಂದಾಗ ನೆನಪಾಯಿತು. ಈ ಪದ್ಯ ಬರುವುದು ಪಂಪಭಾರತದ ನಾಲ್ಕನೆಯ ಆಶ್ವಾಸದಲ್ಲಿ (ಅಧ್ಯಾಯದಲ್ಲಿ), ಅರ್ಜುನ ತೀರ್ಥಯಾತ್ರೆಯಲ್ಲಿ ಬನವಾಸಿಗೆ ಬಂದಾಗ. ಬಂದು ಮುಟ್ಟಿದವನಿಗೆ ನೆನೆಯುವ ಕೆಲಸವೇನು? ನೆನೆಯುತ್ತಿರುವವನು ದೂರದ ವೇಮುಲವಾಡದ ಅರಸ ಅರಿಕೇಸರಿಯ ಆಶ್ರಯದಲ್ಲಿದ್ದ ಕವಿ ಎಂದೇ ನನ್ನ ಓದು. ಈಗಿನ ತೆಲಂಗಾಣದ ಆ ಊರಿನಿಂದ ಬನವಾಸಿ ನೈಋತ್ಯಕ್ಕೆ ಬೀಳುತ್ತದೆ. ತೆಂಕಣ ಗಾಳಿ ಕಾವ್ಯಸಮಯದ, ಅಂದರೆ ಕವಿರೂಢಿಯ, ಸಿದ್ಧ ಸಾಮಗ್ರಿ, ನಿಜ. ಆದರೂ ಅದು ಬೀಸಿ ಬರುವ ದಿಕ್ಕು ಹೆಚ್ಚುಕಡಿಮೆ ಊರಿನದೇ.

ಕೊನೆಗೆ ತಲೆಬರಹದ ತಕರಾರು. ಸಾಲಿನಲ್ಲಿ ‘ದೇಶ’ ಇದೆ ಎಂಬ ಒಂದೇ ಕಾರಣಕ್ಕೆ ಅದನ್ನು ದೇಶಭಕ್ತಿ ಗೀತೆಗಳಿಗೆ ಸೇರಿಸಿದ್ದಾರೆ. ಪಂಪನ ದೇಶ ನಮ್ಮ ಪಾಸ್‌ಪೋರ್ಟಿನ ದೇಶವಲ್ಲ. ಶಾಸನಗಳು ಬನವಾಸಿ 12000 ಎಂದು ಕರೆಯುವ ಒಂದು ಸೀಮೆ ಅದು. ಗಂಗವಾಡಿ 96000, ಬೆಳ್ವೊಲ 300 ಇದ್ದಂತೆ. ಕವಿರಾಜಮಾರ್ಗ ಕಾವೇರಿಯಿಂದ ಗೋದಾವರಿಯವರೆಗಿನ ಹರವನ್ನು ಹೇಳುವಾಗ ‘ನಾಡು’, ‘ಜನಪದ’, ‘ವಿಷಯ’ ಎನ್ನುತ್ತದೆ. ನಮ್ಮ ಆಡುಮಾತಿನ ‘ಪರದೇಶಿ’ಯಲ್ಲಿ ಈ ಹಳೆಯ ದೇಶದ ನೆರಳಿದೆ: ಪರದೇಶಿ ಎಂದರೆ ವಿದೇಶಿ ಪ್ರಜೆಯಲ್ಲ, ತನ್ನವರಿಲ್ಲದವನು. ‘ಭಕ್ತಿ’ಯೂ ಇಲ್ಲಿ ಹೊಂದುವುದಿಲ್ಲ ಎನಿಸುತ್ತದೆ. ಕೈಮುಗಿಯುವ ಭಂಗಿ ಪದ್ಯದಲ್ಲಿ ಎಲ್ಲಿಯೂ ಇಲ್ಲ.

ಹಾಗಾಗಿ ನನ್ನ ಪ್ರಶ್ನೆಗಳು ಎರಡು. ಪಂಪನಿಂದ ಹಿಡಿದು ಕರ್ಕಿಯವರವರೆಗಿನ ಪದ್ಯಗಳನ್ನು ಒಟ್ಟಿಗೆ ಹಿಡಿಯುವ ತಲೆಬರಹ ಯಾವುದು? ‘ನಾಡಪ್ರೇಮ’ ಸವೆದ ಪದ. ‘ನಾಡೊಲವು’ ನನಗೆ ಇಷ್ಟ, ಆದರೆ ಸಮಿತಿಗೆ ಅದು ಮದುವೆಯ ಕರೆಯೋಲೆಯಂತೆ ಕೇಳಿಸುತ್ತದೆಯಂತೆ. ಎರಡನೆಯದು, ದುಬಾರೆ, ಸಕ್ರೆಬೈಲಿನ ಆನೆ ಶಿಬಿರಗಳ ಕಡೆ ಮಾವುತರ, ಅವರ ಸಹಾಯಕರಾದ ಕಾವಾಡಿಗಳ ಒಡನಾಟವಿರುವವರು ಹೇಳಬೇಕು: ಅವರ ಮಾತಿನಲ್ಲಿ ಅಂಕುಶವನ್ನು ‘ಇಡು’ವ ಬಳಕೆ ಉಳಿದಿದೆಯೇ, ಅಥವಾ ಅಲ್ಲಿಯೂ ‘ಹಾಕು’ವುದೇ? ಸಂಚಿಕೆ ಅಚ್ಚಿಗೆ ಹೋಗಲು ಇನ್ನು ಹತ್ತು ದಿನ ಇದೆ. ಅಲ್ಲಿಯವರೆಗೆ ತಲೆಬರಹದ ಜಾಗವನ್ನು ಖಾಲಿ ಬಿಟ್ಟಿರುತ್ತೇನೆ.